ಸಾಕ್ಷ್ಯಚಿತ್ರ ಯೋಜನೆಗಳ ಸಾಮಾಜಿಕ ಪರಿಣಾಮ: ಯೋಜಿಸುವ ಮತ್ತು ಅಳೆಯುವ ಕ್ರಮ

1. ಪೀಠಿಕೆ

ಆರೋಗ್ಯ, ಶಿಕ್ಷಣ, ಕೃಷಿ, ನೈರ್ಮಲ್ಯ, ಮಹಿಳಾ ಮತ್ತು ಮಕ್ಕಳ ಹಿತರಕ್ಷಣೆ ಮುಂತಾದ ವಿಷಯಗಳ ಕುರಿತು ಸಾರ್ವಜನಿಕರಲ್ಲಿ ತಿಳಿವಳಿಕೆ ಮೂಡಿಸುವ ಸಲುವಾಗಿ ಸಂಘ ಸಂಸ್ಥೆಗಳು, ಶಿಕ್ಷಣ ಸಂಸ್ಥೆಗಳು ಹಾಗೂ ಆಸಕ್ತ ನಾಗರಿಕರು ಸಾಕ್ಷ್ಯಚಿತ್ರಗಳನ್ನು ತಯಾರಿಸುತ್ತಾರೆ. ಇಂತಹ ಕಾರ್ಯಕ್ಕೆ ಸರ್ಕಾರದಿಂದ, ಕಂಪನಿಗಳಿಂದ ಅಥವಾ ದಾನಿಗಳಿಂದ ನೆರವು ಕೋರುವಾಗ ಸಾಮಾನ್ಯವಾಗಿ ಕಥಾವಸ್ತು, ಚಿತ್ರೀಕರಣದ ಸ್ಥಳ, ಅವಧಿ ಮತ್ತು ಅಂದಾಜು ವೆಚ್ಚಗಳನ್ನು ವಿವರವಾಗಿ ನೀಡಲಾಗುತ್ತದೆ. ಆದರೆ ಚಿತ್ರ ಪ್ರದರ್ಶನಗೊಂಡ ನಂತರ ಜನಜೀವನದಲ್ಲಿ ಯಾವ ಬದಲಾವಣೆ ಆಗಬೇಕು, ಅದು ಆಯಿತೇ ಇಲ್ಲವೇ ಎಂಬುದನ್ನು ತಿಳಿಯುವ ಬಗೆ ಹೇಗೆ ಎಂಬ ವಿವರ ಅನೇಕ ಪ್ರಸ್ತಾವನೆಗಳಲ್ಲಿ ಇರುವುದಿಲ್ಲ.

ಈ ಕೊರತೆಯನ್ನು ಚಿತ್ರ ಪೂರ್ಣಗೊಂಡ ಮೇಲೆ ಸರಿಪಡಿಸಲು ಸಾಧ್ಯವಿಲ್ಲ. ಚಿತ್ರ ತೋರಿಸುವುದಕ್ಕೆ ಮೊದಲಿನ ಸ್ಥಿತಿ ದಾಖಲಾಗದೇ ಇದ್ದಲ್ಲಿ ನಂತರದ ಸ್ಥಿತಿಯನ್ನು ಹೋಲಿಸಲು ಆಧಾರವೇ ಇರುವುದಿಲ್ಲ. ಆದ್ದರಿಂದ ಪರಿಣಾಮವನ್ನು ಅಳೆಯುವ ಕೆಲಸ ಚಿತ್ರೀಕರಣಕ್ಕೆ ಮುಂಚೆಯೇ ಆರಂಭವಾಗತಕ್ಕದ್ದು. ಸದರಿ ಕ್ರಮವನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

2. ಸಾಮಾಜಿಕ ಪರಿಣಾಮ ಎಂದರೇನು

ಒಂದು ಸಾಕ್ಷ್ಯಚಿತ್ರ ಯೋಜನೆಯನ್ನು ಐದು ಹಂತಗಳಲ್ಲಿ ನೋಡಬಹುದು.

(ಅ) ತೊಡಗಿಸಿದ್ದು: ಹಣ, ಸಮಯ, ಸಿಬ್ಬಂದಿ, ಉಪಕರಣಗಳು.
(ಆ) ತಯಾರಾದದ್ದು: ಚಿತ್ರ, ಅದರೊಂದಿಗಿನ ಕೈಪಿಡಿ, ಭಿತ್ತಿಪತ್ರ ಇತ್ಯಾದಿ.
(ಇ) ತಲುಪಿದ್ದು: ಪ್ರದರ್ಶನಗಳ ಸಂಖ್ಯೆ ಮತ್ತು ನೋಡಿದವರ ಸಂಖ್ಯೆ.
(ಈ) ಬದಲಾದದ್ದು: ನೋಡಿದವರ ತಿಳಿವಳಿಕೆ, ಮನೋಭಾವ ಮತ್ತು ನಡವಳಿಕೆ.
(ಉ) ಉಳಿದದ್ದು: ಕೆಲವು ತಿಂಗಳು ಅಥವಾ ವರ್ಷಗಳ ನಂತರವೂ ಸಮುದಾಯದಲ್ಲಿ ನಿಂತ ಒಳಿತು, ಅಥವಾ ಕೆಡುಕು.

ಮೊದಲ ಮೂರು ಹಂತಗಳನ್ನು ಎಣಿಸುವುದು ಸುಲಭ. ಆದ ಕಾರಣ ಬಹುತೇಕ ವರದಿಗಳು ಮೂರನೆಯ ಹಂತದಲ್ಲಿಯೇ ಮುಕ್ತಾಯಗೊಳ್ಳುತ್ತವೆ. ಚಿತ್ರವನ್ನು ಹತ್ತು ಸಾವಿರ ಜನ ನೋಡಿದರು ಎಂಬುದು ಚಿತ್ರ ತಲುಪಿದ ವ್ಯಾಪ್ತಿಯನ್ನು ತಿಳಿಸುತ್ತದೆಯೇ ಹೊರತು ಪರಿಣಾಮವನ್ನಲ್ಲ. ಸಾಮಾಜಿಕ ಪರಿಣಾಮ ಎಂಬ ಪದ ಕೊನೆಯ ಎರಡು ಹಂತಗಳಿಗೆ ಮಾತ್ರ ಅನ್ವಯಿಸುತ್ತದೆ.

3. ಕರ್ನಾಟಕದ ಅನುಭವ

3.1 ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ (1975–76)

ದೃಶ್ಯ ಮಾಧ್ಯಮದ ಪರಿಣಾಮವನ್ನು ಗ್ರಾಮ ಮಟ್ಟದಲ್ಲಿ ಕ್ರಮಬದ್ಧವಾಗಿ ಅಳೆದ ದೊಡ್ಡ ಪ್ರಯತ್ನಗಳಲ್ಲಿ ಒಂದು ಕನ್ನಡ ನಾಡಿನಲ್ಲಿಯೂ ನಡೆದಿದೆ. ‘ಸೈಟ್’ ಎಂದು ಹೆಸರಾದ ಈ ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಜಾರಿಯಲ್ಲಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಕಾರ್ಯಕ್ರಮಗಳನ್ನು ಪ್ರಸಾರ ಮಾಡಲಾಯಿತು. ಕರ್ನಾಟಕದಲ್ಲಿ ಅಂದಿನ ವಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಗ್ರಾಮಗಳು ಇದರಲ್ಲಿ ಸೇರಿದ್ದವು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ವಯಸ್ಕರಿಗೆ ಕಾರ್ಯಕ್ರಮಗಳಿರುತ್ತಿದ್ದವು. ಊರಿನ ಜನ ಒಂದೆಡೆ ಸೇರಿ ಸಾಮೂಹಿಕ ದೂರದರ್ಶನ ಪೆಟ್ಟಿಗೆಯಲ್ಲಿ ಅವುಗಳನ್ನು ನೋಡುತ್ತಿದ್ದರು.

ಈ ಪ್ರಯೋಗದ ವಿಶೇಷವೆಂದರೆ ಅಳತೆಯ ಕೆಲಸ ಪ್ರಸಾರದ ಜೊತೆಯಲ್ಲಿಯೇ ಯೋಜಿತವಾಗಿದ್ದುದು. ಪ್ರಸಾರಕ್ಕೆ ಮೊದಲು, ಪ್ರಸಾರದ ಅವಧಿಯಲ್ಲಿ ಮತ್ತು ನಂತರ ಸಮೀಕ್ಷೆಗಳನ್ನು ನಡೆಸಲಾಯಿತು. ದೂರದರ್ಶನ ಇದ್ದ ಗ್ರಾಮಗಳನ್ನು ಇಲ್ಲದ ಗ್ರಾಮಗಳೊಂದಿಗೆ ಹೋಲಿಸಲಾಯಿತು. ಆಯ್ದ ಗ್ರಾಮಗಳಲ್ಲಿ ಮಾನವಶಾಸ್ತ್ರ ತಜ್ಞರು ವಾಸವಿದ್ದು ಜನರ ಪ್ರತಿಕ್ರಿಯೆಯನ್ನು ಹತ್ತಿರದಿಂದ ದಾಖಲಿಸಿದರು.

ಫಲಿತಾಂಶ ಎಲ್ಲ ವಿಷಯಗಳಲ್ಲಿ ಒಂದೇ ರೀತಿ ಇರಲಿಲ್ಲ. ಆರೋಗ್ಯ, ಕುಟುಂಬ ಯೋಜನೆ ಮುಂತಾದ ವಿಷಯಗಳಲ್ಲಿ ತಿಳಿವಳಿಕೆ ಹೆಚ್ಚಿತು. ಈ ಹೆಚ್ಚಳ ಮಹಿಳೆಯರಲ್ಲಿ ಮತ್ತು ಅನಕ್ಷರಸ್ಥರಲ್ಲಿ ಎದ್ದು ಕಂಡಿತು. ಆದರೆ ಹೊಸ ಕೃಷಿ ಪದ್ಧತಿಗಳ ಅಳವಡಿಕೆಯಲ್ಲಿ ಅಷ್ಟು ಗಮನಾರ್ಹ ಬದಲಾವಣೆ ಕಂಡುಬರಲಿಲ್ಲ. ಕೃಷಿಯೊಂದನ್ನೇ ಅಳೆದಿದ್ದರೆ ಪ್ರಯೋಗ ವಿಫಲವೆಂದು ತೀರ್ಮಾನಿಸಬೇಕಾಗುತ್ತಿತ್ತು. ಎಲ್ಲರ ಸರಾಸರಿಯನ್ನಷ್ಟೇ ನೋಡಿದ್ದರೆ ಓದುಬರಹ ತಿಳಿಯದ ಹೆಣ್ಣುಮಕ್ಕಳು ಪಡೆದ ಲಾಭ ಅಂಕಿಗಳಲ್ಲಿ ಮುಚ್ಚಿಹೋಗುತ್ತಿತ್ತು. ಯಾರಲ್ಲಿ, ಯಾವ ಬದಲಾವಣೆ ಎಂಬುದನ್ನು ಮೊದಲೇ ಬಿಡಿಸಿ ಬರೆದುಕೊಳ್ಳಬೇಕೆಂಬುದಕ್ಕೆ ಇದು ಉತ್ತಮ ನಿದರ್ಶನ.

3.2 ರೈತರೇ ಪಾಲ್ಗೊಂಡ ವಿಡಿಯೋ ಚಿತ್ರಗಳು

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸಂಸ್ಥೆಯಲ್ಲಿ ‘ಡಿಜಿಟಲ್ ಗ್ರೀನ್’ ಎಂಬ ಸಂಶೋಧನಾ ಯೋಜನೆ ಆರಂಭವಾಯಿತು. ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಸಹಯೋಗದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಪ್ರಯೋಗಿಸಲಾಯಿತು. ಸ್ಥಳೀಯ ರೈತರೇ ತಮ್ಮ ಹೊಲಗಳಲ್ಲಿ ಪದ್ಧತಿಗಳನ್ನು ಮಾಡಿ ತೋರಿಸುವ ಕಿರುಚಿತ್ರಗಳನ್ನು ತಯಾರಿಸಿ, ಸಣ್ಣ ಗುಂಪುಗಳಿಗೆ ತೋರಿಸಲಾಗುತ್ತಿತ್ತು. ಊರಿನವರೇ ಆದ ಒಬ್ಬ ನಿರ್ವಾಹಕರು ಚಿತ್ರವನ್ನು ಮಧ್ಯೆ ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳಿ ಚರ್ಚೆ ನಡೆಸುತ್ತಿದ್ದರು.

16 ಗ್ರಾಮಗಳಲ್ಲಿ 13 ತಿಂಗಳು ನಡೆದ ಈ ಪ್ರಯೋಗದ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಲಾಯಿತು. ಪ್ರಚಲಿತ ವಿಸ್ತರಣಾ ಕ್ರಮಕ್ಕೆ ಹೋಲಿಸಿದಲ್ಲಿ ಕೆಲವು ಕೃಷಿ ಪದ್ಧತಿಗಳ ಅಳವಡಿಕೆ ಏಳು ಪಟ್ಟು ಹೆಚ್ಚಾಗಿತ್ತು. ಒಂದು ಅಳವಡಿಕೆಗೆ ತಗಲುವ ವೆಚ್ಚದ ಲೆಕ್ಕದಲ್ಲಿ ಈ ಕ್ರಮ ಕನಿಷ್ಠ ಹತ್ತು ಪಟ್ಟು ಪರಿಣಾಮಕಾರಿ ಎಂದು ಕಂಡುಬಂದಿತು. ಇಲ್ಲಿ ಎಣಿಸಿದ್ದು ಚಿತ್ರ ನೋಡಿದ ತಲೆಗಳನ್ನಲ್ಲ, ಪದ್ಧತಿಯನ್ನು ಅಳವಡಿಸಿಕೊಂಡ ರೈತರನ್ನು ಎಂಬುದು ಗಮನಾರ್ಹ. ಚಿತ್ರದ ಜೊತೆಗೆ ಚರ್ಚೆ ನಡೆಸುವ ವ್ಯಕ್ತಿಯ ಪಾತ್ರ ನಿರ್ಣಾಯಕ ಎಂಬುದೂ ಈ ಅಧ್ಯಯನದ ಮುಖ್ಯ ಅಂಶವಾಗಿದೆ.

3.3 ಮೈಸೂರು ಭಾಗದ ಅವಕಾಶಗಳು

ಪ್ರದರ್ಶನ ಮತ್ತು ಚರ್ಚೆಗೆ ಮೈಸೂರು ಜಿಲ್ಲೆಯಲ್ಲಿ ಅನುಕೂಲಗಳಿವೆ. ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಮೈಸೂರಿನಲ್ಲಿದ್ದು, ಉಪಗ್ರಹ ಆಧಾರಿತ ತರಬೇತಿಯಲ್ಲಿ ದೀರ್ಘ ಅನುಭವ ಹೊಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಶೈಕ್ಷಣಿಕ ಬಹುಮಾಧ್ಯಮ ಸಂಶೋಧನಾ ಕೇಂದ್ರ ಮಾನಸಗಂಗೋತ್ರಿಯಲ್ಲಿದೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ಆರಂಭಿಸಿದ ‘ಜನಧ್ವನಿ’ ಸಮುದಾಯ ಬಾನುಲಿಯಂತಹ ಕೇಂದ್ರಗಳ ಮೂಲಕ ಚಿತ್ರದ ವಿಷಯವನ್ನು ಕುರಿತ ಚರ್ಚೆಯನ್ನು ಪ್ರದರ್ಶನದ ನಂತರವೂ ಮುಂದುವರಿಸಬಹುದಾಗಿದೆ. ಯೋಜನೆ ರೂಪಿಸುವವರು ಇಂತಹ ಸಂಸ್ಥೆಗಳೊಂದಿಗೆ ಮುಂಚಿತವಾಗಿ ಸಮಾಲೋಚಿಸುವುದು ಸೂಕ್ತ.

4. ಯೋಜನೆ ರೂಪಿಸುವ ಹಂತ

ಚಿತ್ರಕಥೆ ಬರೆಯುವುದಕ್ಕೆ ಮೊದಲು ಕೆಳಕಂಡ ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿದ್ಧಪಡಿಸಿಕೊಳ್ಳತಕ್ಕದ್ದು.

(1) ಸಮಸ್ಯೆ ಯಾರದು? ಬಾಧಿತರೊಡನೆ ಮಾತನಾಡಿ ಅವರ ಮಾತಿನಲ್ಲಿಯೇ ಸಮಸ್ಯೆಯನ್ನು ದಾಖಲಿಸಬೇಕು.
(2) ಚಿತ್ರವನ್ನು ಯಾರು ನೋಡಬೇಕು? ‘ಸಾರ್ವಜನಿಕರು’ ಎಂದು ಬರೆದರೆ ಸಾಲದು. ಗೃಹಿಣಿಯರು, ಅಂಗಡಿ ಮಾಲೀಕರು, ಪ್ರೌಢಶಾಲಾ ಶಿಕ್ಷಕರು ಎಂಬಂತೆ ನಿರ್ದಿಷ್ಟವಾಗಿರಬೇಕು.
(3) ನೋಡಿದವರು ಏನನ್ನು ಬೇರೆ ರೀತಿಯಲ್ಲಿ ಮಾಡಬೇಕು? ‘ಅರಿವು ಮೂಡುತ್ತದೆ’ ಎಂಬ ಉತ್ತರವನ್ನು ಅಳೆಯಲಾಗದು. ಕಣ್ಣಿಗೆ ಕಾಣುವ ಅಥವಾ ದಾಖಲೆಯಿಂದ ತಿಳಿಯುವ ಕ್ರಿಯೆಯನ್ನು ಹೆಸರಿಸಬೇಕು.
(4) ಹಾಗೆ ಮಾಡಲು ಅವರಿಗೆ ಸೌಲಭ್ಯವಿದೆಯೇ? ಬೀಜ, ನೀರು, ಸಾಲ, ಔಷಧಿ, ಕಚೇರಿಯ ಸೇವೆ ಲಭ್ಯವಿಲ್ಲದ ಕಡೆ ತಿಳಿವಳಿಕೆಯೊಂದರಿಂದಲೇ ನಡವಳಿಕೆ ಬದಲಾಗುವುದಿಲ್ಲ. ಸೌಲಭ್ಯ ಇಲ್ಲದಿದ್ದಲ್ಲಿ ಚಿತ್ರದ ನಿಜವಾದ ಪ್ರೇಕ್ಷಕರು ಅದನ್ನು ಒದಗಿಸಬೇಕಾದ ಅಧಿಕಾರಿಗಳು ಮತ್ತು ಜನಪ್ರತಿನಿಧಿಗಳೇ ಆಗಿರಬಹುದು.
(5) ಬದಲಾವಣೆ ಎಷ್ಟು ದಿನಗಳಲ್ಲಿ ಕಾಣಬೇಕು? ತಿಳಿವಳಿಕೆಯನ್ನು ಪ್ರದರ್ಶನದ ಬೆನ್ನಲ್ಲೇ, ನಡವಳಿಕೆಯನ್ನು ಒಂದರಿಂದ ಮೂರು ತಿಂಗಳಿಗೆ, ಅದು ಉಳಿದಿದೆಯೇ ಎಂಬುದನ್ನು ಒಂದು ವರ್ಷಕ್ಕೆ ಪರೀಕ್ಷಿಸುವುದು ಅನುಕೂಲಕರ.
(6) ಚಿತ್ರದಿಂದ ಯಾರಿಗಾದರೂ ತೊಂದರೆ ಆಗಬಹುದೇ? ಆಗುವುದಾದರೆ ತಡೆಯುವ ಕ್ರಮವೇನು?

5. ಅಳತೆಯ ಕ್ರಮ: ಸಿದ್ಧಾರ್ಥನಗರದ ಒಂದು ನಿದರ್ಶನ

ಕ್ರಮವನ್ನು ಸ್ಪಷ್ಟಪಡಿಸಲು ಮೈಸೂರು ನಗರದ ಸಿದ್ಧಾರ್ಥನಗರ ಬಡಾವಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಹಸಿ ಕಸ ಮತ್ತು ಒಣ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಿ ಕೊಡುವ ವಿಷಯವಾಗಿ 20 ನಿಮಿಷಗಳ ಸಾಕ್ಷ್ಯಚಿತ್ರ ತಯಾರಿಸಲು ಒಂದು ಸಂಸ್ಥೆ ಉದ್ದೇಶಿಸಿದೆ ಎಂದು ಭಾವಿಸಿಕೊಳ್ಳುವುದು. ಕೆಳಗಿನ ಅಂಕಿಗಳು ಲೆಕ್ಕವನ್ನು ತಿಳಿಸಲು ಊಹಿಸಿಕೊಂಡವೇ ಹೊರತು ವಾಸ್ತವ ಸಮೀಕ್ಷೆಯವಲ್ಲ.

5.1 ಸೂಚಕದ ಆಯ್ಕೆ. ‘ನೀವು ಕಸ ಬೇರ್ಪಡಿಸುತ್ತೀರಾ’ ಎಂದು ಕೇಳಿದಲ್ಲಿ ಹೆಚ್ಚಿನವರು ಹೌದೆನ್ನುತ್ತಾರೆ. ಆದ ಕಾರಣ ಬೆಳಿಗ್ಗೆ ಕಸದ ಗಾಡಿ ಬಂದಾಗ ಮನೆಯವರು ಕೊಡುವ ಬುಟ್ಟಿಯನ್ನು ನೋಡಿ ಗುರುತು ಹಾಕಿಕೊಳ್ಳುವುದು ಹೆಚ್ಚು ನಂಬಲರ್ಹ. ಒಂದೇ ದಿನ ನೋಡದೆ, ವಾರದಲ್ಲಿ ಕನಿಷ್ಠ ಮೂರು ದಿನ ನೋಡಬೇಕು.

5.2 ಮೊದಲಿನ ಸ್ಥಿತಿಯ ಸಮೀಕ್ಷೆ. ಚಿತ್ರ ತೋರಿಸಲಿರುವ ಬೀದಿಗಳಿಂದ 400 ಮನೆಗಳನ್ನು ಚೀಟಿ ಎತ್ತುವ ಮೂಲಕ ಆರಿಸಲಾಗಿದ್ದು, 160 ಮನೆಗಳು, ಅಂದರೆ ಶೇಕಡಾ 40ರಷ್ಟು, ಕಸ ಬೇರ್ಪಡಿಸುತ್ತಿವೆ ಎಂದಿಟ್ಟುಕೊಳ್ಳುವುದು.

5.3 ಹೋಲಿಕೆಯ ಗುಂಪು. ಚಿತ್ರ ತೋರಿಸದ, ಆದರೆ ಇತರ ವಿಷಯಗಳಲ್ಲಿ ಸಮಾನವಾಗಿರುವ ಬೀದಿಗಳಿಂದಲೂ 400 ಮನೆಗಳನ್ನು ನೋಡಬೇಕು. ಇಲ್ಲಿ ಮೊದಲಿಗೆ 168 ಮನೆಗಳು, ಅಂದರೆ ಶೇಕಡಾ 42. ಮೈಸೂರಿನಂತಹ ನಗರದಲ್ಲಿ ಈ ಹೋಲಿಕೆ ಅತ್ಯಗತ್ಯ. ರಾಷ್ಟ್ರಮಟ್ಟದ ಸ್ವಚ್ಛತಾ ಶ್ರೇಯಾಂಕದಲ್ಲಿ 2015ರಲ್ಲಿ 476 ನಗರಗಳ ಪೈಕಿ ಹಾಗೂ 2016ರಲ್ಲಿ 73 ನಗರಗಳ ಪೈಕಿ ಮೈಸೂರು ಪ್ರಥಮ ಸ್ಥಾನ ಪಡೆದಿತ್ತು. ಸ್ವಚ್ಛತೆಗೆ ಸಂಬಂಧಿಸಿದ ಪ್ರಚಾರ ಇಲ್ಲಿ ಹೊಸದಲ್ಲವಾದ್ದರಿಂದ ಕಂಡುಬಂದ ಸುಧಾರಣೆಯೆಲ್ಲವೂ ಚಿತ್ರದಿಂದಲೇ ಆಯಿತೆನ್ನಲು ಬರುವುದಿಲ್ಲ.

5.4 ನಂತರದ ಸಮೀಕ್ಷೆ ಮತ್ತು ಲೆಕ್ಕ. ಮೂರು ತಿಂಗಳ ನಂತರ ಚಿತ್ರ ತೋರಿಸಿದ ಬೀದಿಗಳಲ್ಲಿ 232 ಮನೆಗಳು (ಶೇಕಡಾ 58), ತೋರಿಸದ ಬೀದಿಗಳಲ್ಲಿ 200 ಮನೆಗಳು (ಶೇಕಡಾ 50) ಬೇರ್ಪಡಿಸುತ್ತಿವೆ ಎಂದಾದಲ್ಲಿ, ಮೊದಲ ಗುಂಪಿನ ಹೆಚ್ಚಳ 18 ಅಂಶ. ಎರಡನೆಯದು 8 ಅಂಶ. ಚಿತ್ರದ ಪಾಲು 18ರಲ್ಲಿ 8 ಕಳೆದು ಉಳಿಯುವ 10 ಅಂಶ ಮಾತ್ರ, ಅಂದರೆ 400ರಲ್ಲಿ 40 ಮನೆ. ಹೋಲಿಕೆ ಇಲ್ಲದಿದ್ದರೆ 72 ಮನೆ ಎಂದು ವರದಿಯಾಗುತ್ತಿತ್ತು.

5.5 ಮನೆಗಳ ಸಂಖ್ಯೆ. ಚೀಟಿ ಎತ್ತಿ ಆರಿಸಿದ 100 ಮನೆಗಳ ಸಮೀಕ್ಷೆಯಲ್ಲಿ ಶೇಕಡಾವಾರು ಅಂಕಿ ಆಕಸ್ಮಿಕವಾಗಿಯೇ ಸುಮಾರು 10 ಅಂಶ ಹೆಚ್ಚು ಕಡಿಮೆಯಾಗಬಹುದು. 400 ಮನೆಗಳಿದ್ದಲ್ಲಿ ಸುಮಾರು 5 ಅಂಶ. ಸಣ್ಣ ಸಮೀಕ್ಷೆಯಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು.

5.6 ವೆಚ್ಚದ ಲೆಕ್ಕ. ಯೋಜನೆಯ ಒಟ್ಟು ವೆಚ್ಚ ರೂ. 2,00,000 ಆಗಿದ್ದಲ್ಲಿ ಬದಲಾದ ಒಂದು ಮನೆಗೆ ತಗಲಿದ ವೆಚ್ಚ ರೂ. 5,000. ಇದೇ ಮೊತ್ತದಲ್ಲಿ ಮನೆ ಮನೆ ಭೇಟಿ ನಡೆಸಿದ್ದರೆ ಎಷ್ಟು ಮನೆಗಳು ಬದಲಾಗುತ್ತಿದ್ದವು ಎಂದು ಕೇಳಿಕೊಳ್ಳುವುದು ಅರ್ಜಿದಾರರ ಕರ್ತವ್ಯ. ಅದೇ ಚಿತ್ರವನ್ನು ಇತರ ಬಡಾವಣೆಗಳಲ್ಲಿಯೂ ತೋರಿಸಿದರೆ ಪ್ರತಿ ಮನೆಯ ವೆಚ್ಚ ಇಳಿಯುತ್ತದೆ. ಆದ್ದರಿಂದ ವಿತರಣೆ ಮತ್ತು ಚರ್ಚಾ ಸಭೆಗಳಿಗೆ ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಮೊತ್ತ ಕಾಯ್ದಿರಿಸುವುದು ವಿವೇಕದ ಕ್ರಮ.

5.7 ಅಂಕಿಗಳಾಚೆಗಿನ ಮಾಹಿತಿ. ಕಸ ಬೇರ್ಪಡದಿದ್ದಾಗ ಅದನ್ನು ಕೈಯಿಂದ ಬೇರ್ಪಡಿಸಬೇಕಾದವರು ಪೌರಕಾರ್ಮಿಕರು. ಗಾಜಿನ ಚೂರು, ಸೂಜಿ, ಬಳಸಿದ ನ್ಯಾಪ್‌ಕಿನ್‌ಗಳನ್ನು ಮುಟ್ಟಬೇಕಾದ ಸಂದರ್ಭ ಕಡಿಮೆಯಾಯಿತೇ ಎಂಬುದನ್ನು ಅವರನ್ನೇ ಕೇಳಿ ದಾಖಲಿಸಬೇಕು. ಬದಲಾಗದ ಮನೆಗಳಿಗೂ ಭೇಟಿ ನೀಡಿ ಕಾರಣ ತಿಳಿಯಬೇಕು. ಎರಡು ಬುಟ್ಟಿ ಇಡಲು ಸ್ಥಳವಿಲ್ಲ, ಗಾಡಿಯಲ್ಲಿ ಎಲ್ಲವೂ ಒಂದಾಗುತ್ತದೆ, ಚಿತ್ರದ ಭಾಷೆ ಅರ್ಥವಾಗಲಿಲ್ಲ ಎಂಬಂತಹ ಉತ್ತರಗಳು ಮುಂದಿನ ಯೋಜನೆಗೆ ಯಾವುದೇ ಶೇಕಡಾವಾರು ಅಂಕಿಗಿಂತ ಹೆಚ್ಚು ಉಪಯುಕ್ತವಾಗಬಲ್ಲವು.

6. ಚಿತ್ರದಲ್ಲಿ ಕಾಣಿಸಿಕೊಳ್ಳುವವರ ಹಿತ

ಚಿತ್ರದ ಪರಿಣಾಮ ಮೊದಲು ತಟ್ಟುವುದು ನೋಡುವವರಿಗಲ್ಲ, ಅದರಲ್ಲಿ ಕಾಣಿಸಿಕೊಳ್ಳುವವರಿಗೆ. ತಮ್ಮ ಬಡತನ, ಕಾಯಿಲೆ, ಜಾತಿ ಅಥವಾ ಕೆಲಸವನ್ನು ಕುರಿತು ಕ್ಯಾಮೆರಾದ ಮುಂದೆ ಮಾತನಾಡಿದವರು ಚಿತ್ರತಂಡ ಹಿಂದಿರುಗಿದ ಮೇಲೂ ಅದೇ ಬೀದಿಯಲ್ಲಿ ಬಾಳಬೇಕಾಗುತ್ತದೆ. ಈ ಕಾರಣ ಕೆಳಕಂಡ ಅಂಶಗಳನ್ನು ಪಾಲಿಸುವುದು ಅವಶ್ಯ.

(ಅ) ಒಪ್ಪಿಗೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಪಡೆಯಬೇಕು. ಓದಲು ಬಾರದವರಿಗೆ ಒಪ್ಪಿಗೆ ಪತ್ರವನ್ನು ಸಾಕ್ಷಿಯ ಸಮ್ಮುಖದಲ್ಲಿ ಓದಿ ಹೇಳಬೇಕು. ಜೇನುಕುರುಬರಂತಹ ವಿಶೇಷವಾಗಿ ದುರ್ಬಲ ಬುಡಕಟ್ಟು ಸಮುದಾಯಗಳ ಹಾಡಿಗಳಲ್ಲಿ ವ್ಯಕ್ತಿಯ ಒಪ್ಪಿಗೆಯ ಜೊತೆಗೆ ಹಾಡಿಯ ಹಿರಿಯರೊಂದಿಗೂ ಸಮಾಲೋಚಿಸುವುದು ಯೋಗ್ಯ.
(ಆ) ಸಂಕಲನ ಮುಗಿದ ಚಿತ್ರವನ್ನು ಸಾರ್ವಜನಿಕ ಪ್ರದರ್ಶನಕ್ಕೆ ಮೊದಲು ಅವರಿಗೆ ತೋರಿಸಿ, ತಮ್ಮ ಭಾಗವನ್ನು ತೆಗೆಸುವ ಅವಕಾಶ ನೀಡಬೇಕು.
(ಇ) ಸರ್ಕಾರಿ ಸೌಲಭ್ಯ ಅಥವಾ ಸಹಾಯ ದೊರೆಯುವುದು ಚಿತ್ರದಲ್ಲಿ ಭಾಗವಹಿಸುವುದನ್ನು ಅವಲಂಬಿಸಿದೆ ಎಂಬ ಭಾವನೆ ಬರುವಂತೆ ನಡೆದುಕೊಳ್ಳಬಾರದು.
(ಈ) ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯಿದೆ, 2015ರ ಕಲಂ 74ರನ್ವಯ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳು, ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳು ಮುಂತಾದವರ ಗುರುತು ಬಹಿರಂಗಪಡಿಸುವುದು ಶಿಕ್ಷಾರ್ಹ. ಲೈಂಗಿಕ ಅಪರಾಧಗಳಿಗೆ ತುತ್ತಾದ ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯಿದೆ, 2012ರ ಕಲಂ 23 ಅನ್ವಯವಾಗುತ್ತದೆ. ಅತ್ಯಾಚಾರಕ್ಕೊಳಗಾದವರ ಗುರುತು ಬಹಿರಂಗಪಡಿಸುವುದನ್ನು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 72 ನಿಷೇಧಿಸುತ್ತದೆ. ಮುಖ ಮಸುಕಾಗಿಸಿದರೆ ಸಾಲದು. ಹೆಸರು, ಮನೆ, ಶಾಲೆ, ಧ್ವನಿ ಮತ್ತು ಬಂಧುಗಳ ಮೂಲಕವೂ ಗುರುತು ಪತ್ತೆಯಾಗದಂತೆ ನೋಡಿಕೊಳ್ಳಬೇಕು.
(ಉ) ಪ್ರದರ್ಶನದ ಆರು ತಿಂಗಳ ನಂತರ ಭಾಗವಹಿಸಿದವರನ್ನು ಮತ್ತೆ ಭೇಟಿಯಾಗಿ, ಚಿತ್ರದಿಂದ ಅವರಿಗೆ ಆದ ಒಳಿತು ಕೆಡುಕುಗಳನ್ನು ಪರಿಣಾಮ ವರದಿಯಲ್ಲಿ ಸೇರಿಸಬೇಕು.

7. ಪಡೆಯಬೇಕಾದ ಅನುಮತಿಗಳು

ಅನುಮತಿಗಳಿಗೆ ತಗಲುವ ಕಾಲವನ್ನು ಯೋಜನೆಯ ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳದಿದ್ದಲ್ಲಿ, ವಿಳಂಬದ ಹೊರೆ ಸಾಮಾನ್ಯವಾಗಿ ಕೊನೆಯಲ್ಲಿರುವ ಪರಿಣಾಮ ಸಮೀಕ್ಷೆಯ ಮೇಲೆ ಬೀಳುತ್ತದೆ. ಅಭಯಾರಣ್ಯಗಳಲ್ಲಿ ಛಾಯಾಗ್ರಹಣ ಮತ್ತು ಚಿತ್ರೀಕರಣಕ್ಕೆ ವನ್ಯಜೀವಿ (ಸಂರಕ್ಷಣೆ) ಕಾಯಿದೆ, 1972ರ ಕಲಂ 28ರಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನಾಗರಹೊಳೆ, ಬಂಡೀಪುರ ರಾಷ್ಟ್ರೀಯ ಉದ್ಯಾನಗಳಲ್ಲಿ ಚಿತ್ರೀಕರಿಸುವವರು ಅರಣ್ಯ ಇಲಾಖೆಗೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಸಂರಕ್ಷಿತ ಸ್ಮಾರಕಗಳಿಗೆ ಸಂಬಂಧಿಸಿದಂತೆ, ಸ್ಮಾರಕವು ಕೇಂದ್ರ ಅಥವಾ ರಾಜ್ಯದ ಯಾವ ಪುರಾತತ್ವ ಇಲಾಖೆಗೆ ಸೇರಿದೆಯೆಂದು ತಿಳಿದು ಅಲ್ಲಿಗೆ ಅರ್ಜಿ ಸಲ್ಲಿಸುವುದು. ಸಾರ್ವಜನಿಕ ಪ್ರದರ್ಶನಕ್ಕೆ ಸಿನಿಮಾಟೋಗ್ರಾಫ್ ಕಾಯಿದೆ, 1952ರಡಿ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ.

8. ಕಂಪನಿಗಳ ನೆರವು ಪಡೆಯುವವರಿಗೆ

ಕಂಪನಿಗಳ ಕಾಯಿದೆ, 2013ರ ಕಲಂ 135ರಡಿ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ನೆರವು ಪಡೆಯುವ ಸಂಸ್ಥೆಗಳು ಗಮನಿಸಬೇಕಾದ ಅಂಶವಿದೆ. 2021ರ ತಿದ್ದುಪಡಿ ನಿಯಮಗಳ ಪ್ರಕಾರ, ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ ರೂ. 10 ಕೋಟಿ ಅಥವಾ ಹೆಚ್ಚಿನ ಹೊಣೆಗಾರಿಕೆ ಹೊಂದಿದ ಕಂಪನಿಯು, ರೂ. 1 ಕೋಟಿ ಅಥವಾ ಹೆಚ್ಚಿನ ಮೊತ್ತದ, ಪೂರ್ಣಗೊಂಡು ಕನಿಷ್ಠ ಒಂದು ವರ್ಷವಾದ ಯೋಜನೆಗಳ ಪರಿಣಾಮ ಮೌಲ್ಯಮಾಪನವನ್ನು ಸ್ವತಂತ್ರ ಸಂಸ್ಥೆಯಿಂದ ಮಾಡಿಸತಕ್ಕದ್ದು. ಹೆಚ್ಚಿನ ಸಾಕ್ಷ್ಯಚಿತ್ರಗಳ ವೆಚ್ಚ ಈ ಮಿತಿಯನ್ನು ಮುಟ್ಟುವುದಿಲ್ಲ. ಆದರೆ ದೊಡ್ಡ ಯೋಜನೆಯ ಅಂಗವಾಗಿ ಚಿತ್ರ ತಯಾರಾಗುವಲ್ಲಿ, ಮೊದಲಿನ ಸ್ಥಿತಿಯ ಸಮೀಕ್ಷೆಯ ಕಾಗದಪತ್ರಗಳನ್ನು ಮೌಲ್ಯಮಾಪಕರು ಕೇಳುವ ಸಂಭವವಿರುವುದರಿಂದ ಅವುಗಳನ್ನು ಜೋಪಾನವಾಗಿರಿಸುವುದು.

9. ಪರಿಣಾಮ ವರದಿ

ವರದಿಯಲ್ಲಿ ಗುರಿ, ಸಮೀಕ್ಷೆಯ ಕ್ರಮ, ಮೊದಲಿನ ಮತ್ತು ನಂತರದ ಅಂಕಿಗಳು, ಹೋಲಿಕೆ ಗುಂಪಿನ ಅಂಕಿಗಳು, ವೆಚ್ಚ ಹಾಗೂ ಆಗದೇ ಹೋದ ಬದಲಾವಣೆಗಳನ್ನು ನಮೂದಿಸಬೇಕು. ಮಹಿಳೆಯರು, ಪುರುಷರು, ಅಕ್ಷರಸ್ಥರು, ಅನಕ್ಷರಸ್ಥರು ಎಂದು ಅಂಕಿಗಳನ್ನು ಬಿಡಿಸಿ ಕೊಡುವುದು ಅವಶ್ಯ. ಗುರಿ ಮುಟ್ಟದಿದ್ದ ಸಂಗತಿಯನ್ನು ಬರೆಯುವುದರಿಂದ ಸಂಸ್ಥೆಯ ಗೌರವಕ್ಕೆ ಕುಂದಿಲ್ಲ. ಸೈಟ್ ಪ್ರಯೋಗದಲ್ಲಿ ಕೃಷಿ ವಿಷಯದ ಮಿತಿಯನ್ನೂ ದಾಖಲಿಸಿದ್ದರಿಂದಲೇ ಆರೋಗ್ಯ ವಿಷಯದ ಸಾಧನೆ ನಂಬಿಕೆಗೆ ಅರ್ಹವಾಗಿದೆ. ವರದಿಯ ಸಾರಾಂಶವನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿ, ಸಮೀಕ್ಷೆಗೆ ಸಹಕರಿಸಿದ ಬಡಾವಣೆಯ ಅಥವಾ ಗ್ರಾಮದ ಜನರ ಸಭೆಯಲ್ಲಿ ಓದಿ ಹೇಳುವುದು ಅವರಿಗೆ ಸಲ್ಲಬೇಕಾದ ಋಣ.

10. ಅರ್ಜಿದಾರರು ಪರಿಶೀಲಿಸಿಕೊಳ್ಳಬೇಕಾದ ಪಟ್ಟಿ

• ಪ್ರೇಕ್ಷಕರ ಗುಂಪು ಮತ್ತು ನಿರೀಕ್ಷಿತ ಬದಲಾವಣೆಯನ್ನು ಒಂದೇ ವಾಕ್ಯದಲ್ಲಿ ಬರೆಯಲಾಗಿದೆಯೇ?
• ಆ ಬದಲಾವಣೆಗೆ ಬೇಕಾದ ಸೌಲಭ್ಯ ಸ್ಥಳದಲ್ಲಿ ಲಭ್ಯವಿದೆಯೇ?
• ಮೊದಲಿನ ಸ್ಥಿತಿಯ ಸಮೀಕ್ಷೆ ಪ್ರದರ್ಶನಕ್ಕೆ ಮುಂಚಿತವಾಗಿ ನಿಗದಿಯಾಗಿದೆಯೇ?
• ಹೋಲಿಕೆಯ ಗುಂಪನ್ನು ಗುರುತಿಸಲಾಗಿದೆಯೇ?
• ಪ್ರದರ್ಶನ, ಚರ್ಚೆ ಮತ್ತು ಸಮೀಕ್ಷೆಗೆ ಹಣ ಕಾಯ್ದಿರಿಸಲಾಗಿದೆಯೇ?
• ಕಾಣಿಸಿಕೊಳ್ಳುವವರ ಒಪ್ಪಿಗೆ ಮತ್ತು ಗುರುತಿನ ರಕ್ಷಣೆಗೆ ಕ್ರಮವಿದೆಯೇ?
• ಅನುಮತಿಗಳಿಗೆ ಬೇಕಾದ ಕಾಲಾವಕಾಶ ವೇಳಾಪಟ್ಟಿಯಲ್ಲಿದೆಯೇ?
• ವರದಿಯನ್ನು ಜನರಿಗೆ ಮರಳಿ ತಿಳಿಸುವ ದಿನಾಂಕ ನಿಗದಿಯಾಗಿದೆಯೇ?

ಸಮೀಕ್ಷೆಗೆ ಅಗತ್ಯವಿರುವ ಸರ್ಕಾರಿ ಅಂಕಿಅಂಶಗಳು ಪ್ರಕಟವಾಗಿರದಿದ್ದಲ್ಲಿ, ಮಾಹಿತಿ ಹಕ್ಕು ಕಾಯಿದೆ, 2005ರಡಿ ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುವುದರಿಂದ, ಚಿತ್ರೀಕರಣ ಆರಂಭಿಸುವ ಕನಿಷ್ಠ ಎರಡು ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸುವಂತೆ ಸಲಹೆ ನೀಡಲಾಗಿದೆ.